ಸಿನಿಮಾ ಪೇಪರ್ ಇದೆ, ಸಿನಿಮಾ ಇಲ್ಲ

ನಿನ್ನೆ ಅಣ್ಣನ ಮಗಳ ನೋಟ್ಸ್ ನೋಡಿದಾಗಿನಿಂದ ತಲೆ ಕೆಟ್ಟಿದೆ. ಅವಳು ಇಲ್ಲೇ ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಿರೋದು ನಿಮಗೆ ಗೊತ್ತಲ್ವಾ. ಓಪನ್ ಎಲೆಕ್ಟಿವ್ ಅಂತ, ಮುಖ್ಯ ವಿಷಯದ ಜೊತೆ ತಾವೇ ಆರಿಸಿಕೊಳ್ಳೋ ಒಂದು ಪೇಪರ್ ಇರುತ್ತದೆ, ಅದಕ್ಕೆ ಸಿನಿಮಾ ತಗೊಂಡಿದ್ದಳು. ನನಗೆ ಭಾಳ ಖುಷಿಯಾಗಿತ್ತು. ಸೆಮಿಸ್ಟರ್ ಮುಗಿಯುತ್ತಾ ಬಂತಲ್ಲ, ಯಾವ್ಯಾವ ಸಿನಿಮಾ ತೋರಿಸಿದರು ಅಂತ ಕೇಳಿದೆ.

"ಒಂದೂ ಇಲ್ಲ ಕಾಕಾ. ನೋಟ್ಸ್ ಕೊಟ್ಟಾರ. ಸ್ಕೋರಿಂಗ್ ಪೇಪರ್ ಅದ, ನೀವು ಟೆನ್ಷನ್ ತಗೋಬ್ಯಾಡ್ರಿ."

ಝೆರಾಕ್ಸ್ ಹಾಳೆ ತಿರುವಿದೆ. ಕ್ಲೋಸ್‌ಅಪ್ ಎಂದರೇನು, ಐದು ಅಂಕ. ಸಂಕಲನದ ವಿಧಗಳು, ಹತ್ತು ಅಂಕ. ಹುಡುಗಿಗೆ ಎಲ್ಲ ಬಾಯಿಪಾಠ. ಆದರೆ ಒಂದು ಶಾಟ್, ಅಂದರೆ ಕ್ಯಾಮೆರಾ ನಿಲ್ಲಿಸದೆ ತೆಗೆದ ಒಂದು ತುಣುಕು, ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಒಂದು ಸಲವೂ ಯಾರೂ ತೋರಿಸಿಲ್ಲ. ಲ್ಯಾಬ್ ಇಲ್ಲದೆ ಕೆಮಿಸ್ಟ್ರಿ ಕಲಿಸಿದರೆ ತಂದೆತಾಯಿ ಕಾಲೇಜಿಗೆ ಹೋಗಿ ಕೇಳ್ತಾರೆ. ಸಿನಿಮಾ ತೋರಿಸದೆ ಸಿನಿಮಾ ಕಲಿಸಿದರೆ ಯಾಕೆ ಯಾರೂ ಕೇಳಲ್ಲ?

ಇದನ್ನೇ ಒಬ್ಬ ಗೆಳೆಯನ ಹತ್ತಿರ ಹೇಳಿಕೊಂಡೆ. ಅವನೂ ಪಾಠ ಮಾಡೋನೇ. "ಅದು ಎರಡನೇ ವಿಷಯ ಮಾರಾಯ, ಅದರಿಂದ ಯಾರಿಗೆ ನೌಕರಿ ಸಿಗ್ತದ?" ಅಂದ. ಈ ಮಾತಿಗೇ ನನಗೆ ಸಿಟ್ಟು ಬರೋದು. ಮಕ್ಕಳು ಮನೆಯಿಂದ ದೂರ ಓದೋಕೆ ಬರ್ತಾರೆ, ಖರ್ಚಿದೆ, ನೌಕರಿ ಬೇಕು, ಒಪ್ಪಿದೆ. ಆದರೆ ನೌಕರಿಗೆ ಅಂತ ಬಿ.ಕಾಂ. ಇದೆಯಲ್ಲ! ದಿನಕ್ಕೆ ಇಷ್ಟು ಹೊತ್ತು ಮೊಬೈಲಲ್ಲಿ ವಿಡಿಯೋ ನೋಡೋ ಮಕ್ಕಳು ಅದು ಹೇಗೆ ಜೋಡಿಸಿದ್ದಾರೆ, ಯಾವುದನ್ನು ಮುಚ್ಚಿಟ್ಟಿದ್ದಾರೆ ಅಂತ ಗುರುತಿಸೋದು ಬೇಡವಾ?

ನನ್ನ ಪ್ರಕಾರ ಸಿನಿಮಾ ಎರಡನೇ ವಿಷಯವಾಗಿ ಬರೋದೇ ಒಳ್ಳೇದು. ಸಿನಿಮಾನೇ ಮಾಡಬೇಕು ಅನ್ನೋರಿಗೆ ಪುಣೆಯಲ್ಲಿ 1960ರಿಂದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ಅವರು ಅಲ್ಲಿಗೆ ಹೋಗಲಿ. ಬೇರೆ ವಿಷಯ ಓದೋ ಹುಡುಗ ಹುಡುಗಿಯರು ಇದನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ತಮ್ಮ ತಮ್ಮ ಪ್ರಶ್ನೆ ತರುತ್ತಾರೆ. ಕಾಮರ್ಸ್‌ನವಳು ದುಡ್ಡು ಯಾರು ಹಾಕಿದರು ಅಂತ ಕೇಳ್ತಾಳೆ. ಅವಳಿಗೆ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕಥೆ ಹೇಳಬೇಕು. 1960ರಲ್ಲಿ ಸರ್ಕಾರವೇ ಸಿನಿಮಾಕ್ಕೆ ಸಾಲ ಕೊಡೋಕೆ ಮಾಡಿದ ಸಂಸ್ಥೆ ಅದು. ಮೃಣಾಲ್ ಸೇನ್ 1969ರಲ್ಲಿ 'ಭುವನ್ ಶೋಮ್' ತೆಗೆದದ್ದು ಆ ಸಾಲದಲ್ಲೇ. ಫಿಸಿಕ್ಸ್ ಹುಡುಗನಿಗೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರನ್ನು ಪರಿಚಯಿಸಬೇಕು. 1959ರ 'ಕಾಗಜ್ ಕೇ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ, ಕ್ಯಾಮೆರಾ ಅವರದು. ಅದರ ಒಂದು ಹಾಡಲ್ಲಿ ಕತ್ತಲೆ ಸ್ಟುಡಿಯೋ ಒಳಗೆ ಮೇಲಿಂದ ಒಂದೇ ಒಂದು ಬೆಳಕಿನ ಕೋಲು ಇಳಿಯುತ್ತೆ, ನೋಡಿದ್ದೀರಲ್ವಾ? ಅದು ಬಿಸಿಲು! ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು, ಬಿಸಿಲನ್ನು ಒಳಗಿನ ಇನ್ನೊಂದು ಕನ್ನಡಿಗೆ ಬೀಳಿಸಿ, ಅಲ್ಲಿಂದ ಕೆಳಗೆ ಇಳಿಸಿದರು. ಬಿಸಿಲಿಗೇನು ಬರ ನಮ್ಮ ಕಲಬುರಗಿಯಲ್ಲಿ, ಕಾಲೇಜಿನ ಹಾಲ್‌ನಲ್ಲಿ ಎರಡು ಕನ್ನಡಿ ಹಿಡಿದು ಮಾಡಿ ತೋರಿಸಬಹುದು.

ಸೌಲಭ್ಯ ಇಲ್ಲ ಸರ್ ಅಂತಾರೆ. ನಾನು ಕಂಡಿರೋ ಎಷ್ಟೋ ಕಡೆ ಪ್ರೊಜೆಕ್ಟರ್ ಇದೆ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಹೋಗಲಿ, ಅದೂ ಬೇಡ.

ರಷ್ಯಾದ ಸಿನಿಮಾ ನಿರ್ದೇಶಕ ಕುಲೆಶೋವ್ ಮಾಡಿದ ಪ್ರಯೋಗ ಇದೆಯಲ್ಲ, ನಟನ ಅದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ನೋಡೋರಿಗೆ ಮುಖದ ಭಾವನೆಯೇ ಬೇರೆ ಬೇರೆಯಾಗಿ ಕಾಣುತ್ತೆ ಅನ್ನೋದು. ಅವಳ ನೋಟ್ಸಲ್ಲಿ ಅದಕ್ಕೆ ನಾಲ್ಕು ಸಾಲಿದೆ. ನಿನ್ನೆ ಸಂಜೆ ಅದನ್ನು ನಾವೇ ಮಾಡಿದೆವು. ಕಟ್ಟೆ ಮೇಲೆ ಕೂತಿದ್ದ ಮುತ್ಯಾನ ಮುಖವನ್ನು ಮೊಬೈಲಲ್ಲಿ ತೆಗೆದಳು. ಮುತ್ಯಾ ಸುಮ್ನೆ ರಸ್ತೆ ನೋಡುತ್ತಿದ್ದರು, ಅಷ್ಟೇ. ಅದರ ಮುಂದೆ ಬಿಸಿ ರೊಟ್ಟಿ ತಟ್ಟೆ ಜೋಡಿಸಿ ಓಣಿಯ ಹುಡುಗರಿಗೆ ತೋರಿಸಿದಳು. "ಮುತ್ಯಾಗ ಹಸಿವಾಗ್ಯಾದ" ಅಂದರು. ಆಮೇಲೆ ಅದೇ ಮುಖ, ಮುಂದೆ ನಮ್ಮ ಹೊಲದ ಹಳೇ ವಿಡಿಯೋ, ನೆಟೆ ರೋಗಕ್ಕೆ ಸಾಲುಸಾಲಾಗಿ ಒಣಗಿ ನಿಂತ ತೊಗರಿ. ಹುಡುಗರು ಮಾತೇ ಆಡಲಿಲ್ಲ. ಒಬ್ಬ ಮಾತ್ರ "ಅಳ್ಳಾಕತ್ತಾರೇನು?" ಅಂದ. ಅಣ್ಣನ ಮಗಳು ಮೊಬೈಲ್ ಕೈಯಲ್ಲಿ ಹಿಡಿದು, "ಕಾಕಾ, ಅದೇ ವಿಡಿಯೋ ಅದ ಅಲ್ರಿ!" ಅಂತ ಮತ್ತೆ ಮತ್ತೆ ಹಾಕಿ ನೋಡಿದಳು.

ಇಷ್ಟಕ್ಕೆ ಯಾವ ಅನುದಾನ ಬೇಕು ಹೇಳಿ? ಒಂದು ಮೊಬೈಲ್ ಮತ್ತು ಅರ್ಧ ಗಂಟೆ. ಸೆಮಿಸ್ಟರ್ ಪೂರ್ತಿ ಇದು ಯಾಕೆ ಆಗಲಿಲ್ಲ?

ಈ ಪೇಪರ್ ತಗೊಳ್ಳೋ ಮೇಷ್ಟ್ರುಗಳು ನನ್ನ ಫ್ರೆಂಡ್ಸ್ ಲಿಸ್ಟಲ್ಲೂ ಇದ್ದೀರಿ. ನೇರವಾಗಿ ಕೇಳ್ತೀನಿ. ಇಂಟರ್ನಲ್ ಮಾರ್ಕ್ಸ್‌ಗೆ ನೋಟ್ಸ್ ನಕಲು ಮಾಡಿಸಬೇಡಿ, ಮೂರು ಶಾಟ್ ತೆಗೆಸಿ. ಕನಿಷ್ಠ ಒಂದು ಇಡೀ ಸಿನಿಮಾ ತೋರಿಸಿ, ನಿಲ್ಲಿಸಿ ನಿಲ್ಲಿಸಿ ಮಾತಾಡಿ. ಹಾಲ್ ಸಿಗದಿದ್ದರೆ ನನ್ನ ಲ್ಯಾಪ್‌ಟಾಪ್, ಸ್ಪೀಕರ್ ತಗೊಂಡು ನಾನೇ ಬರ್ತೀನಿ. ಭಾನುವಾರ ಆದರೂ ಸರಿ. ಮೆಸೇಜ್ ಮಾಡಿ.