ಸಸ್ಪೆನ್ಸ್ ಖಾತೆಯ ಅಡುಗೆ

ನಾನು ಬ್ಯಾಂಕಿನಲ್ಲಿ 36 ವರ್ಷ ಕೆಲಸ ಮಾಡಿದೆ. ಕಂಪ್ಯೂಟರ್ ಬರುವುದಕ್ಕೆ ಮುಂಚೆ ಸಂಜೆಯ ಲೆಕ್ಕ ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಐವತ್ತು ಪೈಸೆ ಹೆಚ್ಚುಕಮ್ಮಿಯಾದರೂ ರಾತ್ರಿ ಒಂಬತ್ತರವರೆಗೆ ಕೂತು ಲೆಡ್ಜರು ಜಾಲಾಡಬೇಕು. ಏನು ಮಾಡಿದರೂ ಜಾಗ ಸಿಗದ ಮೊತ್ತವನ್ನು ಸಸ್ಪೆನ್ಸ್ ಖಾತೆ ಅಂತ ಒಂದಿರುತ್ತದೆ, ಅದಕ್ಕೆ ತಳ್ಳುತ್ತಿದ್ದೆವು. ಅಲ್ಲಿ ಅದು ತನ್ನ ಗತಿ ಏನೆಂದು ಗೊತ್ತಾಗುವ ತನಕ ಕಾಯುತ್ತ ಕೂತಿರುತ್ತಿತ್ತು.

ಈಗ ನಮ್ಮ ಮನೆಯ ಫ್ರಿಜ್ಜಿನ ಕೆಳಗಿನ ಶೆಲ್ಫೇ ಸಸ್ಪೆನ್ಸ್ ಖಾತೆ. ನಾನು ಮಾಡಿದ, ಯಾವ ಹೆಸರಿಗೂ ಒಗ್ಗದ ತಿಂಡಿಗಳೆಲ್ಲ ಸ್ಟೀಲ್ ಡಬ್ಬಿಗಳಲ್ಲಿ ಅಲ್ಲಿ ಕೂತಿರುತ್ತವೆ. ಮೂರನೇ ದಿನ ನನ್ನವಳು ಮೂಗು ಮುಚ್ಚಿಕೊಂಡು ಖಾತೆ ಕ್ಲೋಸ್ ಮಾಡುತ್ತಾಳೆ.

2019ರಲ್ಲಿ ರಿಟೈರಾಗಿ ಮೈಸೂರಿನಲ್ಲಿ ನೆಲೆ ನಿಂತ ಮೇಲೆ ಹತ್ತಿದ ಚಟ ಇದು. ವರ್ಗಾವಣೆಯ ನೌಕರಿ ಮಾಡಿದವರಿಗೆ ಊರುಗಳು ನೆನಪಾಗುವುದು ನಾಲಿಗೆಯಿಂದಲೇ. ದಾವಣಗೆರೆ ಅಂದರೆ ನನಗೆ ಬೆಣ್ಣೆ. ಶಿರಸಿ ಅಂದರೆ ತೊಡೆದೇವು. ಬಿಜಾಪುರ ಅಂದರೆ ರೊಟ್ಟಿ. (2014ರಿಂದ ಅದು ವಿಜಯಪುರ, ಗೊತ್ತು. ಆದರೆ ನಾನು ರೊಟ್ಟಿ ತಿಂದದ್ದು ಬಿಜಾಪುರದಲ್ಲಿ.) ನನ್ನನ್ನು ಬೈದ ಮ್ಯಾನೇಜರುಗಳ ಮುಖ ಒಂದೂ ನೆನಪಿಲ್ಲ. ದೋಸೆ ಹಾಕುತ್ತಿದ್ದವನ ಮಣಿಕಟ್ಟು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ವಾಕಿಂಗ್ ಆಯಿತು, ಪೇಪರ್ ಆಯಿತು, ಇನ್ನೇನು ಅಂತ ಒಂದು ದಿನ ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತೆ. "ಬರೋದಾದ್ರೆ ಒಳಗೆ ಬನ್ನಿ. ಸುಮ್ನೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ ರೀ" ಅಂದಳು. ಅದನ್ನೇ ನಾನು ನೇಮಕಾತಿ ಆದೇಶ ಅಂದುಕೊಂಡೆ.

ಮೊದಲು ಕೈ ಹಾಕಿದ್ದು ದಾವಣಗೆರೆ ಬೆಣ್ಣೆ ದೋಸೆಗೆ. ನಾನು ಅಲ್ಲಿದ್ದಾಗ ಊರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ನನ್ನ ರೂಮಿನ ಹತ್ತಿರ ಒಂದು ಪುಟ್ಟ ಹೋಟೆಲಿತ್ತು. ಸೌದೆ ಒಲೆ, ಕಾದು ಕಾದು ಕಪ್ಪಗಾದ ಹೆಂಚು, ಪಕ್ಕದಲ್ಲಿ ಪಾತ್ರೆ ತುಂಬ ಬಿಳಿ ಬೆಣ್ಣೆ. ಹಿಟ್ಟಿಗೆ ಏನೇನು ಹಾಕುತ್ತೀರಿ ಅಂತ ಕೇಳಿದ್ದೆ. "ಅಕ್ಕಿ, ಉದ್ದಿನಬೇಳೆ, ಒಂದಿಷ್ಟು ಮಂಡಕ್ಕಿ. ಹದ ನೋಡ್ಕೊಂಡು ಹಾಕೋದು ಸಾರ್" ಅಂದಿದ್ದ.

ಈ 'ಹದ ನೋಡ್ಕೊಂಡು' ಅನ್ನುವುದಿದೆಯಲ್ಲ, ನನ್ನ ಎಲ್ಲ ಕಷ್ಟದ ಮೂಲ ಅದೇ. ಕೇಳಿದವರೆಲ್ಲ ಅದನ್ನೇ ಹೇಳುತ್ತಾರೆ. ಎಷ್ಟು ಗ್ರಾಂ ಹದ? ಎಷ್ಟು ನಿಮಿಷ ಹದ? ನಾನು ಅಡುಗೆಗೆಂದು ಇಟ್ಟ ನೋಟ್‌ಬುಕ್ಕಿನಲ್ಲಿ ಪದಾರ್ಥಕ್ಕೊಂದು, ತೂಕಕ್ಕೊಂದು, ಹೊತ್ತಿಗೊಂದು ಕಾಲಂ ಎಳೆದಿದ್ದೇನೆ. ಹದಕ್ಕೆ ಕಾಲಂ ಎಳೆಯುವುದು ಹೇಗೆ?

ಸರಿ, ದೋಸೆ ಹಾಕಿದೆ. ಬೆಣ್ಣೆ ಅಂತ ಹಾಕಿದ್ದು ಫ್ರಿಜ್ಜಿನಲ್ಲಿದ್ದ ಹಳದಿ ಬಣ್ಣದ ಉಪ್ಪು ಬೆಣ್ಣೆ. ನನ್ನವಳು ಒಂದು ತುಂಡು ಬಾಯಿಗಿಟ್ಟು, "ಬ್ರೆಡ್ಡು ಚೆನ್ನಾಗಿದೆ" ಅಂದಳು. ಎರಡನೇ ಸಲ ಬಿಳಿ ಬೆಣ್ಣೆ ಹುಡುಕಿ ತಂದೆ. ಈ ಸಲ ದೋಸೆಯೇ ಆಯಿತು. ಮನೆಯಲ್ಲಿ ಆಮೇಲೆ ನೂರು ಸಲ ಕೇಳಿದ ವಾಕ್ಯ ಹುಟ್ಟಿದ್ದು ಆವತ್ತೇ: "ಚೆನ್ನಾಗಿದೆ ರೀ. ಆದ್ರೆ ಇದು ಅದಲ್ಲ."

ಯಾಕೆ ಅದಲ್ಲ? ಗ್ಯಾಸಿನ ತಪ್ಪು ಅಂತ ತೀರ್ಮಾನಿಸಿದೆ. ಹಿತ್ತಲಿನಲ್ಲಿ ಮೂರು ಇಟ್ಟಿಗೆ ಇಟ್ಟು, ತೆಂಗಿನ ಗರಿ, ಚಿಪ್ಪು ಎಲ್ಲ ಒಟ್ಟಿ ಬೆಂಕಿ ಹಚ್ಚಿದೆ. ಬೆಂಕಿ ಬರಲಿಲ್ಲ, ಹೊಗೆ ಬಂತು. ಎಷ್ಟು ಬಂತು ಅಂದರೆ ಪಕ್ಕದ ಮನೆಯ ಹುಡುಗ ಓಡಿ ಬಂದು ಕಾಂಪೌಂಡಿನ ಮೇಲಿಂದ, "ಅಂಕಲ್, ಹೋಮ ಇಟ್ಕೊಂಡಿದ್ದೀರಾ? ಹೇಳ್ಲೇ ಇಲ್ಲ?" ಅಂದ. ಅವರ ತಾರಸಿಯ ಮೇಲೆ ಬೆಳಗ್ಗೆ ಒಗೆದು ಹರವಿದ ಬಟ್ಟೆಗಳಿದ್ದವು. ಒಂದು ದೋಸೆ ಕೊಟ್ಟೆ. ಪ್ರಸಾದ ತೆಗೆದುಕೊಳ್ಳುವ ಹಾಗೆ ಬಲಗೈ ಮುಂದೆ ಚಾಚಿ ತೆಗೆದುಕೊಂಡು ಹೋದ. ಬಟ್ಟೆಗಳನ್ನು ಅವರು ಮತ್ತೆ ಒಗೆದರು.

ಬೆಳಗಾವಿ ಕುಂದಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತದ್ದರಿಂದಲೇ ಕುಂದಾ ಹುಟ್ಟಿತು ಅಂತ ಅಲ್ಲಿ ಒಂದು ಕಥೆ ಹೇಳುತ್ತಾರೆ. ನಾನೂ ಹಾಗೇ ಮರೆತೆ. ನನ್ನದರಲ್ಲಿ ಹುಟ್ಟಿದ್ದು ಕುಂದಾ ಅಲ್ಲ. ಆ ಬಾಣಲೆಯಲ್ಲಿ ಈಗ ಕರಿಬೇವಿನ ಗಿಡ ಇದೆ.

ತೊಡೆದೇವಿನದು ಬೇರೆಯೇ ಕಥೆ. ಶಿರಸಿಯ ಕಡೆ ಆಲೆಮನೆ ಶುರುವಾದಾಗ ಮಾಡುವ ತಿಂಡಿ ಅದು. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನುಣ್ಣಗೆ ರುಬ್ಬಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಗೆ ಕೋಲಿಗೆ ಸುತ್ತಿದ ಬಟ್ಟೆಯಿಂದ ತೆಳ್ಳಗೆ ಬಳಿಯುತ್ತಾರೆ. ತೊಡೆಯುವುದು ಅಂದರೆ ಅಲ್ಲಿ ಬಳಿಯುವುದು, ಹೆಸರು ಬಂದದ್ದೂ ಅದರಿಂದಲೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂದು, ಕಾಗದದಷ್ಟು ತೆಳುವಾದ ಹಾಳೆ ಮಡಕೆ ಬಿಟ್ಟು ಏಳುತ್ತದೆ. ಬಿಸಿ ಇರುವಾಗಲೇ ಮಡಿಸಬೇಕು, ಆರಿದರೆ ಪುಡಿ ಪುಡಿ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅವರ ತಾಯಿ ನಿಮಿಷಕ್ಕೊಂದರಂತೆ ಎಬ್ಬಿಸಿ ಮಡಿಸಿ ತಟ್ಟೆಗೆ ಹಾಕುತ್ತಿದ್ದರು. ನಾನು ತುಪ್ಪ ಸವರಿಕೊಂಡು ಎಷ್ಟು ತಿಂದೆ ಅಂತ ಲೆಕ್ಕ ಇಟ್ಟಿಲ್ಲ. ಬ್ಯಾಂಕಿನವನು ಲೆಕ್ಕ ಇಡಲಿಲ್ಲ ಅಂದಮೇಲೆ ನೀವೇ ಊಹಿಸಿಕೊಳ್ಳಿ.

ಮೈಸೂರಿನಲ್ಲಿ ಮಡಕೆ ಸಿಕ್ಕಿತು. ಕಬ್ಬಿನ ಹಾಲು? ಅದೇನು ಕಷ್ಟ, ಬೀದಿ ಬದಿಯ ಗಾಡಿಯಲ್ಲಿ ಒಂದು ಲೀಟರ್ ಹಿಡಿಸಿಕೊಂಡು ಬಂದೆ. ಅಕ್ಕಿ ರುಬ್ಬಿದೆ, ಮಡಕೆ ಬೋರಲು ಹಾಕಿದೆ, ಬಳಿದೆ. ಮೊದಲನೆಯದು ಏಳಲಿಲ್ಲ. ಎರಡನೆಯದೂ ಏಳಲಿಲ್ಲ. ಏಳನೆಯದು ಅರ್ಧ ಎದ್ದಿತು. ಅಷ್ಟು ಹೊತ್ತಿಗೆ ಮಡಕೆಯ ಮೇಲೆ ಆರು ಪದರ ಬಣ್ಣ ಬಳಿದ ಹಾಗಾಗಿತ್ತು. ಆ ಅರ್ಧವನ್ನು ಬಾಯಿಗಿಟ್ಟರೆ ಶುಂಠಿ! ಜೊತೆಗೆ ನಿಂಬೆಹಣ್ಣು! ಗಾಡಿಯವನು ಕಬ್ಬಿನ ಜೊತೆ ಎರಡನ್ನೂ ಅರೆದು ಕೊಟ್ಟಿದ್ದ. ಪಾಪ, ಅವನು ನನ್ನ ಆರೋಗ್ಯ ನೋಡಿದ್ದ. ಇದನ್ನು ಯೋಚಿಸುತ್ತ ನಿಂತಿರುವಾಗಲೇ ಟಪ್ ಅಂತ ಸದ್ದಾಯಿತು. ಮಡಕೆ ಎರಡು ಹೋಳು.

ಶಿರಸಿಗೆ ಫೋನ್ ಮಾಡಿದರೆ ಸಹೋದ್ಯೋಗಿ ನಕ್ಕೂ ನಕ್ಕೂ ಸುಸ್ತಾದರು. ಹೊಸ ಮಡಕೆಯನ್ನು ಎಣ್ಣೆ ಸವರಿ ಪಳಗಿಸಬೇಕಂತೆ. ಅವರ ಮನೆಯದು ಅವರ ಅಜ್ಜಿಯ ಕಾಲದ್ದಂತೆ. "ಎಷ್ಟು ಎಣ್ಣೆ, ಎಷ್ಟು ದಿನ?" ಅಂತ ಪೆನ್ನು ಹಿಡಿದು ಕೇಳಿದೆ. ಅವರು ಏನು ಹೇಳಿರಬಹುದು ಅಂತ ನಿಮಗೆ ಗೊತ್ತೇ ಇದೆ.

ಬೆಂಗಳೂರಿನಲ್ಲಿರುವ ಮಗಳು ಪ್ರತಿ ಭಾನುವಾರ ಫೋನ್ ಮಾಡಿ ಈಗ ಹುಷಾರಾಗಿದ್ದೀರಾ ಅಂತ ಕೇಳುವುದಿಲ್ಲ. "ಅಪ್ಪ, ಈ ವಾರ ಯಾವ ಊರು?" ಅನ್ನುತ್ತಾಳೆ. ಯಾವ ಊರು ಅಂತ ಹೇಳಿದ ಮೇಲೆ, "ಅಮ್ಮ ಹುಷಾರಾಗಿದ್ದಾಳಾ?" ಅನ್ನುತ್ತಾಳೆ.

ಜೋಳದ ರೊಟ್ಟಿಗೆ ನಾನು ಇಡೀ ಒಂದು ಮಳೆಗಾಲ ಕೊಟ್ಟಿದ್ದೇನೆ. ಬಿಜಾಪುರದಲ್ಲಿ ನಾವಿದ್ದ ಮನೆಯ ಮಾಲೀಕರ ಹೆಂಡತಿಯನ್ನು ಎಲ್ಲರೂ ಅಕ್ಕಾವ್ರು ಅನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ಬೆಳಗ್ಗೆ ಅವರ ಅಡುಗೆಮನೆಯಿಂದ ಪಟ ಪಟ ಸದ್ದು ಬಂದರೆ ನಮ್ಮ ಮನೆಯಲ್ಲಿ ಅಲಾರಂ ಬೇಕಿರಲಿಲ್ಲ. ಒಂದೇ ಅಂಗೈಯಲ್ಲಿ ಬಡಿಯುತ್ತ ಬಡಿಯುತ್ತ ಉಂಡೆಯನ್ನು ಚಂದ್ರನ ಹಾಗೆ ಮಾಡುತ್ತಿದ್ದರು. ಎತ್ತಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ, ಕೊನೆಗೆ ಬೆಂಕಿಗೆ ಒಡ್ಡಿದರೆ ರೊಟ್ಟಿ ಬುಸ್ಸನೆ ಉಬ್ಬುತ್ತಿತ್ತು. ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಡಿಯುವಾಗಲೇ ಅವರು ಬಾಗಿಲಲ್ಲಿ ನಿಂತವರ ಹತ್ತಿರ ಊರಿನ ಎಲ್ಲ ಸುದ್ದಿ ಮಾತಾಡುತ್ತಿದ್ದರು. ರೊಟ್ಟಿಯ ಕಡೆ ನೋಡುತ್ತಲೂ ಇರಲಿಲ್ಲ.

ನಾನು ರೊಟ್ಟಿ ಬಿಟ್ಟು ಬೇರೇನೂ ನೋಡಲಿಲ್ಲ. ಆದರೂ ಅದು ಅಂಚಿನಲ್ಲೆಲ್ಲ ಬಿರುಕು ಬಿಟ್ಟಿತು, ಬರಗಾಲದ ಕೆರೆಯ ಹಾಗೆ. ಎತ್ತಲು ಹೋದರೆ ಅರ್ಧ ಕೈಯಲ್ಲಿ, ಅರ್ಧ ಮಣೆಯ ಮೇಲೆ. ಗೋಧಿ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿಲ್ಲ ಅಂತ ಆಮೇಲೆ ತಿಳಿಯಿತು. ಅದಕ್ಕೇ ಕುದಿಯುವ ನೀರು ಹಾಕಿ ನಾದುವುದು. ನಾನು ಕೈ ಸುಡುತ್ತದೆ ಅಂತ ನೀರು ಆರಲು ಬಿಟ್ಟಿದ್ದೆ. ಎರಡನೇ ದಿನ ಕುದಿಯುವ ನೀರಿಗೇ ಕೈ ಹಾಕಿ ಸುಟ್ಟುಕೊಂಡೆ. ಮೂರನೇ ದಿನ ಸೌಟಿನಲ್ಲಿ ಕಲಸಿ, ಆಮೇಲೆ ನಾದಿ, ಬಡಿಯಲು ಕೂತೆ. ಸದ್ದು ಮಾತ್ರ ಅಕ್ಕಾವ್ರ ಮನೆಯ ಸದ್ದಿಗಿಂತ ಜೋರಾಗಿತ್ತು. ಹಾಲಿನಲ್ಲಿ ಟಿವಿ ನೋಡುತ್ತಿದ್ದ ನನ್ನವಳು, "ರೀ, ಬಾಗಿಲು ಯಾರೋ ತಟ್ತಿದ್ದಾರೆ" ಅಂದಳು.

ಮುರಿದ ರೊಟ್ಟಿಗಳಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಎಣ್ಣೆ ಹಾಕಿ ಕುಟ್ಟಿ, "ಇದು ಮುಟಗಿ. ಉತ್ತರ ಕರ್ನಾಟಕದಲ್ಲಿ ಬೇಕಂತಲೇ ಮುರಿದು ಮಾಡ್ತಾರೆ" ಅಂತ ಬಡಿಸಿದೆ. ಸುಳ್ಳಲ್ಲ, ಮುಟಗಿ ಅಂತ ಇದೆ, ಬಿಸಿ ರೊಟ್ಟಿಯಲ್ಲಿ ಮಾಡುತ್ತಾರೆ. ಒಂದು ವಾರ ದಿನಾ ಮುಟಗಿಯೇ ಬಂದಾಗ ಮಾತ್ರ ಅವಳಿಗೆ ಸಂಶಯ ಬಂತು.

ಅಕ್ಕಾವ್ರಿಗೆ ಫೋನ್ ಹಚ್ಚಿದೆ. "ಹಿಟ್ಟು ಎಂದ ಬೀಸಿಸಿದ್ದ್ರೀ ಸಾಹೇಬ್ರ?" ಅಂದರು. ಅಂಗಡಿಯ ಪ್ಯಾಕೆಟ್ಟು ಅಂದೆ. "ಅದಕ್ಕ ಮತ್ತ! ಹಳೇ ಹಿಟ್ಟಿಗಿ ಜಿಗಿ ಎಲ್ಲಿಂದ ಬರಬೇಕ್ರೀ?" ಅಂದರು. ಜಿಗಿ! 36 ವರ್ಷದ ನೌಕರಿಯಲ್ಲಿ ಯಾವ ಆಡಿಟರೂ ಇಷ್ಟು ಬೇಗ ತಪ್ಪು ಹಿಡಿದಿರಲಿಲ್ಲ. ಎರಡು ವಾರದ ಮೇಲೆ ಅವರ ಊರಿನವರೊಬ್ಬರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೆ ಬಂದರು. ಕೈಯಲ್ಲೊಂದು ಬಟ್ಟೆಯ ಗಂಟು. ಬಿಚ್ಚಿದರೆ ಹೊಸದಾಗಿ ಬೀಸಿದ ಮಾಲದಂಡಿ ಜೋಳದ ಹಿಟ್ಟು, ಅದರ ಮೇಲೆ ಇಪ್ಪತ್ತೈದು ಕಡಕ್ ರೊಟ್ಟಿ. ಹಿಟ್ಟು ಕೈ ಕೊಟ್ಟರೂ ಸಾಹೇಬರು ಉಪವಾಸ ಬೀಳಬಾರದು ಅಂತ ಇರಬೇಕು.

ಆ ಹಿಟ್ಟಿನಲ್ಲಿ ಬಡಿದ ನಾಲ್ಕನೇ ರೊಟ್ಟಿ ಉಬ್ಬಿತು. ನಿಜವಾಗಿಯೂ ಉಬ್ಬಿತು. ಫೋಟೋ ತೆಗೆಯಲು ಮೊಬೈಲ್ ತರುವಷ್ಟರಲ್ಲಿ ಸೀದೂ ಹೋಯಿತು.

ಊರೂರಿನ ತಿಂಡಿ ಆಯಿತು, ನಮ್ಮ ಊರಿನದೇ ಒಂದು ಮಾಡಿದರೆ ಕೈ ಕೊಡಲಾರದು ಅಂತ ಪತ್ರೊಡೆಗೆ ಇಳಿದೆ. ನನ್ನ ಅಜ್ಜಿಯ ಮನೆ ತೀರ್ಥಹಳ್ಳಿ ಹತ್ತಿರ. ಆಷಾಢದ ಮಳೆಗೆ ಹಿತ್ತಲಿನ ಕೆಸುವಿನೆಲೆ ಕೊಯ್ದು, ಅಕ್ಕಿ, ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ ಹಾಕಿ ರುಬ್ಬಿದ ಹಿಟ್ಟನ್ನು ಎಲೆಯ ಮೇಲೆ ಎಲೆ ಇಟ್ಟು ಸವರಿ, ಸುರುಳಿ ಸುತ್ತಿ ಬೇಯಿಸುತ್ತಿದ್ದಳು. ನಾನು ಒಲೆಯ ಪಕ್ಕ ಕೂತು ನೋಡುತ್ತಿದ್ದೆ. ಹುಣಸೆಹಣ್ಣು ಎಷ್ಟು ಅಂತ ಮಾತ್ರ ನೋಡಿರಲಿಲ್ಲ.

ಮೈಸೂರಿನಲ್ಲಿ ಎದುರಿನ ಖಾಲಿ ಸೈಟಿನಲ್ಲಿ ಮಳೆ ಬಿದ್ದಮೇಲೆ ಕೆಸು ಆಳೆತ್ತರ ಬೆಳೆದಿತ್ತು. ನೋಡಲು ಅಜ್ಜಿಯ ಹಿತ್ತಲಿನದೇ. ಆವತ್ತು ಊಟಕ್ಕೆ ನನ್ನ ಷಡ್ಡಕ ಬಂದಿದ್ದ, ಹೆಂಡತಿಯ ತಂಗಿಯ ಗಂಡ. ಮಾತಿನ ಮಲ್ಲ. ಅವನು ಬಾಯಿ ತೆರೆದರೆ ಷೇರು ಮಾರ್ಕೆಟ್ಟು, ಸೈಟಿನ ರೇಟು, ಮೊಣಕಾಲು ನೋವು, ಮತ್ತೆ ಷೇರು ಮಾರ್ಕೆಟ್ಟು. ನಾಲ್ಕು ತುಂಡು ಪತ್ರೊಡೆ ಬಾಯಿಗೆ ಹೋಗುವ ತನಕ ಮಾತಾಡಿದ. ಆಮೇಲೆ ಒಂದು ಸಲ ಕೆಮ್ಮಿದ. ಇನ್ನೊಂದು ಸಲ ಕ್ಯಾಕರಿಸಿದ. ಕುತ್ತಿಗೆಗೆ ಕೈ ಹೋಯಿತು. ಅಷ್ಟರಲ್ಲಿ ನನ್ನ ಗಂಟಲಲ್ಲೂ ಯಾರೋ ಬ್ರಷ್ ಹಾಕಿ ಉಜ್ಜುತ್ತಿರುವ ಹಾಗೆ ಶುರುವಾಯಿತು.

ಕೆಸುವಿನ ಎಲೆಯಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕೆರೆತ ಅದರಿಂದಲೇ. ಹುಣಸೆಯ ಹುಳಿ ಸಾಕಷ್ಟು ಬಿದ್ದರೆ, ಚೆನ್ನಾಗಿ ಬೆಂದರೆ ತೊಂದರೆ ಇಲ್ಲ. ಅದಕ್ಕೂ ಮೊದಲು, ಕಂಡ ಕಂಡ ಕೆಸುವನ್ನು ಕೊಯ್ಯಬಾರದು, ತಿನ್ನುವ ಕೆಸುವೇ ಬೇರೆ. ಈ ಮಾತುಗಳನ್ನೆಲ್ಲ ನನ್ನವಳು ಊಟದ ಮೇಜಿನ ಮುಂದೆ ನಿಂತು, ಎಲ್ಲರಿಗೂ ಮೊಸರು ಬೆಲ್ಲ ಬಡಿಸುತ್ತ, ಬಿಡಿಸಿ ಬಿಡಿಸಿ ಹೇಳಿದಳು. ಷಡ್ಡಕ ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ ನಾದಿನಿ ನನ್ನನ್ನು ಪಕ್ಕಕ್ಕೆ ಕರೆದು, "ಭಾವ, ಉಳಿದಿದ್ರೆ ಒಂದು ಡಬ್ಬಿಗೆ ಹಾಕಿ ಕೊಡ್ತೀರಾ?" ಅಂತ ಮೆಲ್ಲಗೆ ಕೇಳಿದಳು. ಸಸ್ಪೆನ್ಸ್ ಖಾತೆಯಿಂದ ಮಾಲು ಹೊರಗೆ ಹೋದದ್ದು ಅದೊಂದೇ ಸಲ.

ಕಳೆದ ದೀಪಾವಳಿಗೆ ಬಿಜಾಪುರದಿಂದ ಅಕ್ಕಾವ್ರ ಫೋನು. ಹಬ್ಬದ ಶುಭಾಶಯಕ್ಕೆ ಇರಬೇಕು ಅಂದುಕೊಂಡೆ. ದನಿ ಸಣ್ಣಗಿತ್ತು. "ಸಾಹೇಬ್ರ, ನಿಮ್ಮೂರಿನ ಮೈಸೂರ ಪಾಕ ಮಾಡೀನ್ರೀ. ಕಲ್ಲಾಗಿ ಕುಂತೈತಿ. ಮೊಮ್ಮಕ್ಕಳು ಸುತ್ತಿಗಿ ತಗೊಂಡ ಬಂದಾವು. ನಿಮ್ಮ ಕಡೆ ಹೆಂಗ ಮಾಡ್ತೀರಿ, ಒಂದೀಟು ಹೇಳ್ರಲಾ?"

ಮೈಸೂರು ಪಾಕ್ ಹುಟ್ಟಿದ್ದು ಈ ಊರಿನ ಅರಮನೆಯ ಅಡುಗೆಮನೆಯಲ್ಲಿ ಅನ್ನುವುದು ಬಿಟ್ಟರೆ ನನಗೆ ಅದರ ಬಗ್ಗೆ ಏನೂ ಗೊತ್ತಿಲ್ಲ. ನಾವು ಯಾವಾಗಲೂ ಅಂಗಡಿಯಿಂದ ಅರ್ಧ ಕೆ.ಜಿ. ತರುವವರು. ಆದರೆ ನನ್ನನ್ನು ಒಬ್ಬರು ಅಡುಗೆ ಕೇಳಿದ್ದು ಜೀವನದಲ್ಲಿ ಇದೇ ಮೊದಲು. ನನ್ನವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಗಂಟಲು ಸರಿಮಾಡಿಕೊಂಡೆ.

"ಅದೇನೂ ಕಷ್ಟ ಇಲ್ಲ ಅಕ್ಕಾವ್ರೇ," ಅಂದೆ. "ಪಾಕ ಸ್ವಲ್ಪ ಹದ ನೋಡ್ಕೊಂಡು ತೆಗೀಬೇಕು, ಅಷ್ಟೇ."