ಎರೆಮಣ್ಣಿಗೆ ಕಾಂಪೋಸ್ಟ್ ಮಾಡುವ ಉಪಕಾರ
ಕಾಂಪೋಸ್ಟ್ ರಸಗೊಬ್ಬರಕ್ಕೆ ಬದಲಿ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ನಾನು ಒಪ್ಪಲಾರೆ. ಕಾಂಪೋಸ್ಟ್‌ನಲ್ಲಿ ಗಿಡದ ಪೋಷಕಾಂಶವಾದ ಸಾರಜನಕ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟೇ ಇರುತ್ತದೆ, ಅದರ ದೊಡ್ಡ ಉಪಕಾರವೆಲ್ಲ ಮಣ್ಣಿನ ರಚನೆಗೆ. ಕಲಬುರಗಿಯ ನಮ್ಮ ಹಿತ್ತಲಿನ ಎರೆಮಣ್ಣು (ಜಿಗುಟಾದ ಕಪ್ಪು ಮಣ್ಣು) ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುತ್ತಿತ್ತು, ಮಳೆಗಾಲದಲ್ಲಿ ಗುದ್ದಲಿಗೆ ಮೆತ್ತಿಕೊಳ್ಳುತ್ತಿತ್ತು; ಬದನೆಯ ಪಾತಿಗೆ ಚೆನ್ನಾಗಿ ಕಳಿತ ಕಾಂಪೋಸ್ಟನ್ನು ಮೂರು ವರ್ಷ ಬೆರೆಸಿದ ಮೇಲೆ ಅದೇ ಹೆಂಟೆ ಈಗ ಅಂಗೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ, ನೀರೂ ನಿಲ್ಲದೆ ಇಂಗುತ್ತದೆ. ಲೇಖನ ಹೇಳದೆ ಬಿಟ್ಟ ಸಂಗತಿಯೆಂದರೆ, 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ರಾಶಿ ಒಣಗಿದರೆ ಸೂಕ್ಷ್ಮಜೀವಿಗಳ ಕೆಲಸವೇ ನಿಂತುಹೋಗುತ್ತದೆ. ಆದ್ದರಿಂದ ಬೇವಿನ ನೆರಳಿನಲ್ಲಿ ಗುಂಡಿ ತೋಡಿ, ತೊಗರಿ ಹೊಟ್ಟು, ಸಗಣಿ, ಅಡುಗೆಮನೆಯ ಕಸವನ್ನು ಪದರಪದರವಾಗಿ ಹಾಕಿ, ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ ಉಳಿಸಿಕೊಳ್ಳಬೇಕು. ತೊಗರಿ ಕಟ್ಟಿಗೆಯನ್ನು ಮಾತ್ರ ಸಣ್ಣಗೆ ಕತ್ತರಿಸದೆ ಹಾಕಬೇಡಿ. ನಮ್ಮ ಗುಂಡಿಯಲ್ಲಿ ವರ್ಷವಾದರೂ ಅದು ಹಾಗೆಯೇ ಉಳಿದಿತ್ತು.