ಸತ್ಯಾಂಶ: ಕೈಕಾಲು ಎಳೆದು ಉಜ್ಜಿದರೆ ಸೆರೆಬ್ರಲ್ ಪಾಲ್ಸಿ ವಾಸಿಯಾಗುತ್ತದೆಯೇ?

"ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕೈಕಾಲನ್ನು ದಿನಾ ಜೋರಾಗಿ ಎಳೆದು ಉಜ್ಜಿ, ಬಿಗಿತ ಹೋಗಿ ಮಗು ನಡೆಯುತ್ತದೆ." ಹೀಗೊಂದು ಸಂದೇಶ ಫಾರ್ವರ್ಡ್ ಆಗುತ್ತಿದೆ. ಇದು ನಿಜವಲ್ಲ.

ಸೆರೆಬ್ರಲ್ ಪಾಲ್ಸಿ ಅಂದರೆ ಬೆಳೆಯುವ ಮಿದುಳಿಗೆ ಹಾನಿಯಾಗಿ ಮಗುವಿನ ಚಲನೆಗೆ ಬರುವ ತೊಂದರೆ. ಬಿಗಿತದ ಮೂಲ ಇರುವುದು ಮಿದುಳಿನಲ್ಲಿ. ಆ ಹಾನಿಯಿಂದ ಸ್ನಾಯುಗಳಿಗೆ ಹೋಗುವ ಸೂಚನೆ ಏರುಪೇರಾಗುತ್ತದೆ. ಅಂಥ ಸ್ನಾಯುವನ್ನು ರಭಸದಿಂದ ಎಳೆದರೆ ಅದು ಇನ್ನೂ ಜಾಸ್ತಿ ಬಿಗಿಯುತ್ತದೆ. ಮೂಳೆ ದುರ್ಬಲವಾಗಿದ್ದರೆ ಮುರಿಯಲೂಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಂತ ಥೆರಪಿ ಸುಮ್ನೆ ಅಂತಲ್ಲ. ಮಿದುಳಿನ ಗಾಯ ಮಾಯದಿದ್ದರೂ ಮಗು ಹೊಸದನ್ನು ಕಲಿಯಬಲ್ಲದು. ಆದರೆ ಕಲಿಯುವುದು ತಾನೇ ಮಾಡಿದಾಗ, ಬೇರೆಯವರು ಕೈಕಾಲು ಆಡಿಸಿದಾಗ ಅಲ್ಲ. ಫಿಸಿಯೋಥೆರಪಿಯಲ್ಲಿ ಕೂರುವುದು, ಏಳುವುದು, ಹೆಜ್ಜೆ ಇಡುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಆಕ್ಯುಪೇಷನಲ್ ಥೆರಪಿಯಲ್ಲಿ ಚಮಚ ಹಿಡಿಯುವುದು, ಗುಂಡಿ ಹಾಕುವುದು, ಬರೆಯುವುದು. ಒಂದೇ ಪಕ್ಕ ತೊಂದರೆ ಇದ್ದರೆ, ಚೆನ್ನಾಗಿರುವ ಕೈಗೆ ಸ್ವಲ್ಪ ಹೊತ್ತು ಗ್ಲೌಸ್ ಹಾಕಿ ಇನ್ನೊಂದು ಕೈಯಲ್ಲಿ ಆಡಿಸುವ ವಿಧಾನವೂ ಇದೆ. ನನಗೆ ತುಂಬಾ ಇಷ್ಟವಾದದ್ದು ಇದು, ಯಾಕಂದರೆ ಮಗುವಿಗೆ ಅದು ಆಟ ಅಷ್ಟೇ ಅಲ್ವಾ!

ಎಲ್ಲ ಮಕ್ಕಳೂ ನಡೆಯುತ್ತಾರೆ ಎನ್ನಲಾಗದು. ಚಲನೆಯ ಸಾಮರ್ಥ್ಯವನ್ನು ತಜ್ಞರು 5 ಹಂತಗಳಲ್ಲಿ ಗುರುತಿಸುತ್ತಾರೆ, ಅದಕ್ಕೆ ತಕ್ಕಂತೆ ಗುರಿ ಇಡುತ್ತಾರೆ. ಕೆಲವರಿಗೆ ವೀಲ್‌ಚೇರ್‌ನಲ್ಲಿ ತಾವೇ ಓಡಾಡುವುದೇ ಆ ಗುರಿ.